ಅಂಧೆಯ ಅಂಗಡಿ: ಪಾತ್ರಾಭಿನಯದ ಆಟಗಳಲ್ಲಿ ಧರ್ಮವಿವೇಚನೆ

ರೋಲ್ ಪ್ಲೇಯಿಂಗ್ ಗೇಮ್ ಎಂದು ವಿದ್ಯಾರ್ಥಿವೃಂದದಲ್ಲಿ ಪ್ರಸಿದ್ಧವಾಗಿರುವ ಪಾತ್ರಾಭಿನಯದ ಆಟಗಳು ಕಾವ್ಯನಾಟಕಗಳಿಂದ ಒಂದು ಮುಖ್ಯಾಂಶದಲ್ಲಿ ಭಿನ್ನವಾಗಿವೆ. ಕಾವ್ಯದಲ್ಲಿ ನಾಯಕನು ಮಾಡಿದ ಆಯ್ಕೆಯನ್ನು ನಾವು ನೋಡುತ್ತೇವೆ. ಇಲ್ಲಿ ಅವನ ಪರವಾಗಿ ನಾವೇ ಆಯ್ದುಕೊಳ್ಳುತ್ತೇವೆ. ಆದುದರಿಂದ ಈ ಆಟಗಳು ಆಟಗಾರನ ಧರ್ಮಬುದ್ಧಿಯನ್ನು ಪರೀಕ್ಷಿಸುತ್ತವೆಯೆಂದು ಅಭಿಮಾನಿಗಳು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಮೂರು ಆಟಗಳ ಆಧಾರದಿಂದ ಪರಿಶೀಲಿಸಿ, ಅನಂತರ ಆಟವನ್ನು ಫೋನಿಗೆ ಇಳಿಸಿಕೊಳ್ಳುವಾಗಲೇ ಎದುರಾಗುವ ಇನ್ನೊಂದು ಆಯ್ಕೆಯನ್ನು ಅದರೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು, ಅಮೆರಿಕದ ರಿಚರ್ಡ್ ಗ್ಯಾರಿಯಟ್ ರಚಿಸಿದ 'ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್'. 1985ರಲ್ಲಿ ಹೊರಬಂದ ಈ ಆಟದ ಕೊನೆಯಲ್ಲಿ ಕೊಲ್ಲಬೇಕಾದ ಖಳನಾಯಕನಿಲ್ಲ. ಸತ್ಯಸಂಧತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳಲ್ಲಿ ಸಿದ್ಧಿಯನ್ನು ಪಡೆದು 'ಅವತಾರ'ನೆನಿಸಿಕೊಳ್ಳುವುದೇ ಇದರ ಗುರಿಗಳಲ್ಲಿ ಪ್ರಧಾನವಾದುದು. ಗ್ಯಾರಿಯಟ್ ಈ ಹೆಸರನ್ನು ನಮ್ಮ ದೇಶದ ಪುರಾಣಪರಿಭಾಷೆಯಿಂದಲೇ ತೆಗೆದುಕೊಂಡಿದ್ದಾನೆ. ಇದರಲ್ಲಿ ಗಿಡಮೂಲಿಕೆಗಳನ್ನು ಮಾರುವ ಒಬ್ಬ ಅಂಧೆಯಿದ್ದಾಳೆ. ಅವಳು ಬೆಲೆಯನ್ನು ಹೇಳುತ್ತಾಳೆ. ಕೊಡುವ ನಾಣ್ಯಗಳ ಸಂಖ್ಯೆಯನ್ನು ಆಟಗಾರನೇ ನಮೂದಿಸಬೇಕು. ಕಡಿಮೆ ಕೊಟ್ಟರೆ ಅವಳಿಗೆ ತಿಳಿಯುವುದಿಲ್ಲ, ಸರಕು ದೊರೆಯುತ್ತದೆ. ಆದರೆ ಅವನ ಸತ್ಯಸಂಧತೆ ತೆರೆಯ ಹಿಂದೆ ಸದ್ದಿಲ್ಲದೆ ಕುಗ್ಗಿರುತ್ತದೆ. ಈ ಪ್ರಕಾರದಲ್ಲಿ ನಾವು ಬಲ್ಲ ಸನ್ನಿವೇಶಗಳಲ್ಲಿ ಇದಕ್ಕಿಂತ ಸರಳವೂ ಅರ್ಥಪೂರ್ಣವೂ ಆದುದು ವಿರಳ.

ಎರಡನೆಯದು, ಕೆನಡಾದ ಬಯೋವೇರ್ ಸಂಸ್ಥೆ 2003ರಲ್ಲಿ ಹೊರತಂದ 'ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್'. ಇದು 2014ರಲ್ಲಿ ಆಂಡ್ರಾಯ್ಡ್ ಫೋನುಗಳಿಗೂ ಬಂದಿತು. ಟ್ಯಾರಿಸ್ ಎಂಬ ಗ್ರಹದಲ್ಲಿ ಒಂದು ಘೋರವ್ಯಾಧಿಯ ಮದ್ದು ನಾಯಕನ ಕೈಸೇರುತ್ತದೆ. ಅದನ್ನು ರೋಗಿಗಳಿಗೆ ಹಂಚುವ ವೈದ್ಯನಿಗೆ ಒಪ್ಪಿಸಬಹುದು; ಇಲ್ಲವೆ ಪಾತಕಿಗಳ ಕೂಟಕ್ಕೆ ಹೆಚ್ಚಿನ ಹಣಕ್ಕೆ ಮಾರಬಹುದು. ಸನ್ನಿವೇಶವು ಉತ್ತಮವಾದುದೇ. ಆದರೆ ಆಯ್ಕೆ ಮುಗಿದೊಡನೆ ಬೆಳಕಿನ ಪಕ್ಷಕ್ಕೋ ಕತ್ತಲೆಯ ಪಕ್ಷಕ್ಕೋ ಅಂಕಗಳು ಸಂದವೆಂದು ತೆರೆಯೇ ಸಾರುತ್ತದೆ. ಅಂಕಗಳು ಒಂದು ತುದಿಯನ್ನು ಮುಟ್ಟಿದರೆ ವಿಶೇಷ ಶಕ್ತಿಯೂ ಲಭಿಸುತ್ತದೆ. ಹೀಗಾಗಿ ಆಟಗಾರನು 'ಯಾವುದು ಸರಿ' ಎಂದು ಕೇಳಿಕೊಳ್ಳುವುದನ್ನು ಬಿಟ್ಟು 'ಯಾವುದರಿಂದ ನನ್ನ ಅಂಕ ತುಂಬುತ್ತದೆ' ಎಂದು ಕೇಳತೊಡಗುತ್ತಾನೆ. ಧರ್ಮವು ಇಲ್ಲಿ ವ್ಯಾಪಾರವಾಯಿತು.

ಈ ದೋಷವನ್ನು ಅರಿತು ರಚಿಸಿದಂತೆ ತೋರುವ ಕೃತಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ 'ದಿ ವಿಚರ್' (2007). ಇದರಲ್ಲಿ ಬೆಳಕು ಕತ್ತಲೆಗಳ ಅಂಕಪಟ್ಟಿಯೇ ಇಲ್ಲ. ಒಂದು ರಾತ್ರಿ ಕಾವಲಿಗಿಟ್ಟ ಪೆಟ್ಟಿಗೆಗಳನ್ನು ಬಂಡುಕೋರರು ಬಂದು ಕೇಳುತ್ತಾರೆ. ಕೊಡಬಹುದು, ಕೊಡದೆ ಹೋರಾಡಬಹುದು. ಕೊಟ್ಟರೆ ಆ ಕ್ಷಣದಲ್ಲಿ ಕೇಡೇನೂ ಕಾಣುವುದಿಲ್ಲ. ಮುಂದಿನ ಅಧ್ಯಾಯದಲ್ಲಿ, ತನಿಖೆಗೆ ಬೇಕಾಗಿದ್ದ ಒಬ್ಬ ವ್ಯಕ್ತಿ ಅದೇ ಬಂಡುಕೋರರಿಂದ ಹತನಾದುದು ತಿಳಿಯುತ್ತದೆ. ಅಷ್ಟರಲ್ಲಿ ಆಟವು ಬಹುದೂರ ಸಾಗಿರುವುದರಿಂದ ಹಿಂದಿರುಗಿ ತಿದ್ದುವುದು ಸುಲಭವಲ್ಲ.

ಈ ಮೂರನ್ನೂ ತೂಗಿ ನೋಡಿದಾಗ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಫಲವು ಕೂಡಲೆ ಕಾಣುವಲ್ಲಿ ಲೆಕ್ಕಾಚಾರವಿದೆ. ಅದು ಕಾಣದಿರುವಲ್ಲಿ ಮಾತ್ರ ಧರ್ಮಪರೀಕ್ಷೆಯಿದೆ. ನಮ್ಮ ರಾಘವಾಂಕನು ಇದನ್ನು ಬಲ್ಲವನು. ವಸಿಷ್ಠ ವಿಶ್ವಾಮಿತ್ರರ ಪಂತ ನಡೆದುದು ಇಂದ್ರನ ಸಭೆಯಲ್ಲಿ. ಹರಿಶ್ಚಂದ್ರನಿಗೆ ಅದರ ಅರಿವಿಲ್ಲ. ಪಂತದ ಸುದ್ದಿ ಮೊದಲೇ ಅವನ ಕಿವಿಗೆ ಬಿದ್ದಿದ್ದರೆ ಅವನ ಸತ್ಯಕ್ಕೆ ಬೆಲೆಯೆಲ್ಲಿಯದು? 'ಅಲ್ಟಿಮಾ'ದಲ್ಲಿಯೂ ಈ ದೃಷ್ಟಿಯಿಂದ ಒಂದು ಕೊರತೆಯುಂಟು. ಭಿಕ್ಷೆಯಿತ್ತರೆ ಕರುಣೆಯ ಎಣಿಕೆ ಏರುತ್ತದೆಂಬ ಗುಟ್ಟನ್ನು ಬಲ್ಲವನು ಕರುಣೆಯಿಲ್ಲದೆಯೂ ಕರುಣಾಳುವೆನಿಸಬಹುದು.

ಇನ್ನು ಆಟದ ಹೊಸ್ತಿಲಿಗೆ ಬರೋಣ. ಆಂಡ್ರಾಯ್ಡ್ ಫೋನಿನಲ್ಲಿ ಅಧಿಕೃತ ಮಳಿಗೆಯ ಹೊರಗಿನಿಂದ ತಂದ ಆಪ್ ಒಂದನ್ನು, ಎಂದರೆ ಎಪಿಕೆ ಕಡತವನ್ನು, ಸ್ಥಾಪಿಸಹೊರಟರೆ ಫೋನು ತಡೆದು ಎಚ್ಚರಿಕೆ ಕೊಡುತ್ತದೆ. ಮೊದಲು ಒಂದೇ ಸಾರಿ ಕೊಟ್ಟರೆ ಸಾಕಾಗಿದ್ದ ಅನುಮತಿಯನ್ನು 2017ರ ಆಂಡ್ರಾಯ್ಡ್ 8ರಿಂದ ಕಡತ ತರುವ ಒಂದೊಂದು ಆಪ್‌ಗೂ ಬೇರೆಬೇರೆಯಾಗಿ ಕೊಡಬೇಕಾಯಿತು. ಈ ಎಚ್ಚರಿಕೆ ಅನಾವಶ್ಯಕವೆಂದು ನಾವು ಹೇಳುವುದಿಲ್ಲ. ಮದುವೆಯ ಕರೆಯೋಲೆಯೆಂಬ ಸೋಗಿನಲ್ಲಿ ವಾಟ್ಸ್‌ಆಪ್ ಮೂಲಕ ಬಂದ ಎಪಿಕೆಗಳಿಂದ ಹಣ ಕಳೆದುಕೊಂಡವರು ನಮ್ಮ ದೇಶದಲ್ಲಿಯೇ ಇದ್ದಾರೆ. ಆದರೆ ಅದು ಹೇಳುವುದು 'ಈ ಮೂಲ ಅಪರಿಚಿತ' ಎಂಬಷ್ಟನ್ನೇ. ಹಳೆಯ ಆಟಗಳನ್ನು ನಡೆಸುವ ಸ್ಕಮ್‌ವಿಎಂ ಎಂಬ ಮುಕ್ತ ತಂತ್ರಾಂಶವನ್ನು ಅದರ ಕರ್ತೃಗಳ ತಾಣದಿಂದಲೇ ತಂದರೂ ಅದೇ ಮಾತು. 'ಓಲ್ಡ್ ರಿಪಬ್ಲಿಕ್' ಆಟದ ಕದ್ದ ಪ್ರತಿಯನ್ನು ತಂದರೂ ಅದೇ ಮಾತು. ಒಂದು ಕರ್ತೃವೇ ಕೊಟ್ಟದ್ದು, ಇನ್ನೊಂದು ಕರ್ತೃವಿನಿಂದ ಕಸಿದದ್ದು. ಈ ಭೇದವನ್ನು ಫೋನು ಹೇಳಲಾರದು. ಪ್ರತಿಯೊಂದು ಎಪಿಕೆಯಲ್ಲಿಯೂ ತಯಾರಕನ ಡಿಜಿಟಲ್ ಸಹಿಯಿರುತ್ತದೆ; ತಿದ್ದಿದವನು ತನ್ನ ಸಹಿಯನ್ನು ಹಾಕಬೇಕಾಗುತ್ತದೆ. ಆ ಸಹಿಯಾದರೂ ಕಡತ ಯಾರ ಕೈಯಿಂದ ಬಂದಿತೆಂಬುದಕ್ಕೆ ಸಾಕ್ಷಿಯೇ ಹೊರತು ಅವನು ಸತ್ಯವಂತನೆಂಬುದಕ್ಕೆ ಅಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ಮಾರಾಟದಲ್ಲಿಲ್ಲದ ಹಳೆಯ ಆಟಗಳನ್ನು ಅಭ್ಯಾಸಿಗಳು ಪಡೆಯುವ ಬಗೆ ಹೇಗೆ? ಆಕ್ಷೇಪಣೆಗೆ ತಿರುಳಿದೆ, ಕೃತಿಗಳ ಸಂರಕ್ಷಣೆ ನಿಜವಾದ ಸಮಸ್ಯೆ. ಆದರೆ ನಾವು ಚರ್ಚಿಸಿದ ಆಟಗಳಿಗೆ ಈ ನೆಪ ಸಲ್ಲದು. 'ಅಲ್ಟಿಮಾ 4' ಅನ್ನು 2011ರಲ್ಲಿ ಜಿಒಜಿ ಮಳಿಗೆ ಉಚಿತವಾಗಿಯೇ ಕೊಟ್ಟಿತು. ಉಳಿದೆರಡು ಬೆಲೆ ಕೊಟ್ಟರೆ ಸಿಕ್ಕುತ್ತ ಬಂದಿವೆ. ಬೆಲೆ ವಿದ್ಯಾರ್ಥಿಗೆ ಭಾರವೆಂಬುದನ್ನು ಒಪ್ಪಿದರೂ, ಭಾರವಾದುದೆಲ್ಲ ಅಲಭ್ಯವೆಂದು ಎಣಿಸುವುದು ತರ್ಕವಲ್ಲ.

ಕದ್ದ ಪ್ರತಿಯನ್ನು ಫೋನಿಗೆ ಇಳಿಸಿಕೊಂಡು, ಅದರೊಳಗೆ ಟ್ಯಾರಿಸ್ಸಿನ ರೋಗಿಗಳಿಗೆ ಮದ್ದನ್ನು ದಾನಮಾಡಿ, ಬೆಳಕಿನ ಪಕ್ಷದ ಅಂಕಗಳನ್ನು ಗಳಿಸಿ ಸಂತೋಷಪಡುವ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಅವನನ್ನು ನೋಡಿ ನಗುವುದು ಸುಲಭ. ಆದರೆ ಅವನು ಅಧ್ಯಾಪಕರಾದ ನಮ್ಮಿಂದ ದೂರದವನಲ್ಲ. ನಮ್ಮ ಫೋನುಗಳಲ್ಲಿರುವ ಪುಸ್ತಕಗಳ ನಕಲು ಪ್ರತಿಗಳೂ ಇದೇ ಜಾತಿಯವು. ಆಟದೊಳಗಿನ ಆಯ್ಕೆಗೆ ಅಂಕವುಂಟು, ಬಹುಮಾನವುಂಟು. ಇಳಿಸಿಕೊಳ್ಳುವಾಗಿನ ಆಯ್ಕೆಗೆ ಅವೆರಡೂ ಇಲ್ಲ. ಅಲ್ಲಿ ಅವನು ನಿಂತಿರುವುದು ಅಂಧೆಯ ಅಂಗಡಿಯಲ್ಲಿ. ಎಷ್ಟು ಕೊಟ್ಟನೆಂಬುದನ್ನು ಅವನೊಬ್ಬನೇ ಬಲ್ಲ. ಈ ಆಟಗಳ ನೀತಿಯನ್ನು ತರಗತಿಯಲ್ಲಿ ಚರ್ಚಿಸುವವರು ಆ ಪ್ರಶ್ನೆಯಿಂದಲೇ ಪ್ರಾರಂಭಿಸುವುದು, ಮತ್ತು ಉತ್ತರವನ್ನು ಮೊದಲು ತಾವೇ ಹೇಳುವುದು, ಉಚಿತವೆಂದು ನಮ್ಮ ಅಭಿಪ್ರಾಯ.