ಇಪ್ಪತ್ತು ಗಜದ ಬೆಲೆ

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದ ಮೇಲೆ ಗಾಲ್ಫ್ ಆಡುವವರ ನಡುವೆ ಒಂದು ವಾದಕ್ಕೆ ಬಲ ಬಂತು: 'ದೂರ ಹೊಡೆದು ಏನಾಗಬೇಕು? ಪಟರ್ ಒಂದನ್ನೇ ನಂಬಿ ಅದಿತಿ ಅಲ್ಲಿಯವರೆಗೆ ಮುಟ್ಟಲಿಲ್ಲವೆ?' ನನಗೆ ಆ ಪಂದ್ಯ ಹೇಳಿದ್ದು ಇದಕ್ಕೆ ತದ್ವಿರುದ್ಧ.

ಒಲಿಂಪಿಕ್ಸ್ ಗಾಲ್ಫ್ ನಡೆದ ಕಸುಮಿಗಸೆಕಿಯಲ್ಲಿ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರಲ್ಲಿ ಆಕೆ ಒಬ್ಬರು. ಕೋವಿಡ್ ಬಂದುಹೋದ ಮೇಲೆ ಡ್ರೈವ್ ಇನ್ನಷ್ಟು ಕುಗ್ಗಿತ್ತು. ಎದುರಾಳಿಗಳು ಐರನ್ ತೆಗೆಯುವ ಕಡೆ ಆಕೆ ಹೈಬ್ರಿಡ್‌ಗೆ ಕೈಹಾಕಬೇಕು. ಹಾಗೆ ಹೊಡೆದ ಚೆಂಡು ತಗ್ಗಾಗಿ ಬಂದು ಗ್ರೀನ್ ಮೇಲೆ ಓಡುತ್ತದೆ; ಚಿಕ್ಕ ಐರನ್‌ನದು ಮೇಲಿಂದ ಇಳಿದು ನಿಲ್ಲುತ್ತದೆ. ಆ ಕೊರತೆಯನ್ನು ನಾಲ್ಕು ದಿನವೂ ಪಟಿಂಗ್‌ನಿಂದಲೇ ತುಂಬಿಕೊಂಡು 15 ಅಂಡರ್‌ಗೆ ಬಂದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ.

ಆ ಒಂದು ಹೊಡೆತ ಎಲ್ಲಿ ಹೋಯಿತು? ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಪಿಜಿಎ ಟೂರ್‌ನ ಹೊಡೆತಗಳನ್ನು ಒಂದೊಂದಾಗಿ ಅಳೆದು ಹಾಕಿದ ಲೆಕ್ಕ ಹೀಗಿದೆ: ಫೇರ್‌ವೇಯಲ್ಲಿ ಗುಳಿಗೆ 160 ಗಜ ಉಳಿದಿದ್ದರೆ ಮುಗಿಸಲು ಸರಾಸರಿ 2.98 ಹೊಡೆತ ಬೇಕು, 140 ಗಜವಾದರೆ 2.91. ವ್ಯತ್ಯಾಸ ಜುಜುಬಿ ಅನಿಸುತ್ತದೆ. ಡ್ರೈವರ್ ಹಿಡಿಯುವ ಹದಿಮೂರು ಹದಿನಾಲ್ಕು ಹೋಲುಗಳಿಗೆ ಕೂಡಿಸಿ ನೋಡಿ: ಸುತ್ತಿಗೆ ಹೆಚ್ಚುಕಡಿಮೆ ಒಂದು ಹೊಡೆತ. ಗಂಡಸರ ಲೆಕ್ಕವಿದು, ನಿಜ. ಆದರೂ ಅದಿತಿಯ ಪಟರ್ ಹೊತ್ತ ಭಾರ ಎಷ್ಟೆಂದು ಅಂದಾಜಾಗುತ್ತದೆ.

ಹಾಗೆಂದು ಕಣ್ಣುಮುಚ್ಚಿ ಬೀಸುವಂತಿಲ್ಲ. ಅದೇ 140 ಗಜ ಪಕ್ಕದ ಉದ್ದ ಹುಲ್ಲಿನ ರಫ್‌ನಲ್ಲಿ ಉಳಿದರೆ 3.15 ಬೇಕು, ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಆದರೆ ಬ್ರೈಸನ್ ಡಿಶಾಂಬೊ 2020ರ ಯುಎಸ್ ಓಪನ್‌ನಲ್ಲಿ 56 ಫೇರ್‌ವೇಗಳ ಪೈಕಿ 23ರಲ್ಲಷ್ಟೇ ಚೆಂಡಿಟ್ಟು ಆರು ಹೊಡೆತಗಳಿಂದ ಗೆದ್ದರಲ್ಲ? ಆ ಪಂದ್ಯ ನಡೆದ ವಿಂಗ್ಡ್ ಫುಟ್‌ನ ಫೇರ್‌ವೇಗಳು ಅಷ್ಟು ಕಿರಿದು. ಎಂತೆಂಥವರೂ ಹುಲ್ಲಿಗೆ ಬೀಳುವ ಕಡೆ, ಗ್ರೀನ್‌ಗೆ ಹತ್ತಿರದ ಹುಲ್ಲೇ ವಾಸಿ.

ಭಾನುವಾರದ ಆಟಗಾರರಿಗೆ ಈ 20 ಗಜದಿಂದ ಆಗುವ ಲಾಭ ವೃತ್ತಿಪರರಿಗಿಂತ ದೊಡ್ಡದು ಎಂಬುದೂ ಬ್ರೋಡಿಯದೇ ಲೆಕ್ಕ. ನಮ್ಮವರು ಮಾತ್ರ ಹೊಸ ಪಟರ್ ಕೊಳ್ಳುತ್ತಲೇ ಇರುತ್ತಾರೆ.