ನೆಗ್ಗಿದ ಟ್ಯಾಂಕೂ ಸವಕಳಿಯ ಕೋಷ್ಟಕವೂ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಅರುವತ್ತರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಮೋಟಾರ್‌ಸೈಕಲ್ಲುಗಳು ತಮ್ಮ ಜೋಡಿ ಸೈಲೆನ್ಸರುಗಳ ಧ್ವನಿಯಿಂದಲೇ ಗುರುತು ಸಿಗುವಂತೆ ಇಂದಿಗೂ ನಮ್ಮ ರಸ್ತೆಗಳಲ್ಲಿ ಸಂಚರಿಸುತ್ತಿವೆಯಾದರೂ, ಅವುಗಳಲ್ಲೊಂದು ಪೇಟೆಯ ಇಕ್ಕಟ್ಟಿನಲ್ಲಿ ಆಟೋರಿಕ್ಷಾ ತಗುಲಿ ಮಗುಚಿ, ಟ್ಯಾಂಕು ಅಂಗೈಯಗಲ ನೆಗ್ಗಿತೆಂದರೆ, ಆ ಅಲ್ಪಹಾನಿಯನ್ನು ತುಂಬಿಕೊಡುವ ವಿದ್ಯೆ ನಮ್ಮ ವಿಮಾಪದ್ಧತಿಗೆ ಇನ್ನೂ ಸಿದ್ಧಿಸಿಲ್ಲವೆಂದೇ ಹೇಳಬೇಕು. ಥರ್ಡ್ ಪಾರ್ಟಿ ವಿಮೆಯೊಂದನ್ನೇ ಕಟ್ಟಿ ಸುಮ್ಮನಿರುವವರು ತಮ್ಮ ಕಂಪನಿಯನ್ನು ಕೇಳುವಂತೆಯೇ ಇಲ್ಲ; ನನ್ನ ತಕರಾರು ಫುಲ್ ಇನ್ಶೂರೆನ್ಸ್ ಮಾಡಿಸಿದವನ ಗತಿಯನ್ನು ಕುರಿತದ್ದು.

ಐದು ವರ್ಷ ಮೀರಿದ ವಾಹನದ ಮೌಲ್ಯವನ್ನು, ಎಂದರೆ ಐ.ಡಿ.ವಿ.ಯನ್ನು, ಕಂಪನಿಯೂ ಯಜಮಾನನೂ ಪರಸ್ಪರ ಒಪ್ಪಿ ನಿರ್ಧರಿಸಬಹುದೆಂಬ ನಿಯಮವು ಪ್ರಶಂಸಾರ್ಹವೇ ಸರಿ. ಆದರೆ ಆ ಔದಾರ್ಯವು ಬೈಕು ಕಳುವಾದಾಗಲೋ ಪೂರ್ಣ ನಾಶವಾದಾಗಲೋ ಫಲ ಕೊಡುವುದೇ ಹೊರತು, ಟ್ಯಾಂಕು ನೆಗ್ಗಿದಾಗ ಅಲ್ಲ. ಅಲ್ಲಿ ಆಳುವುದು ಸವಕಳಿಯ ಕೋಷ್ಟಕ. ಹತ್ತು ವರ್ಷ ದಾಟಿದ ವಾಹನದ ಲೋಹದ ಭಾಗವನ್ನು ಬದಲಿಸಿದರೆ ಬೆಲೆಯಲ್ಲಿ ಶೇಕಡಾ 50 ಕಡಿತ. ರಬ್ಬರು, ಪ್ಲಾಸ್ಟಿಕ್ಕುಗಳಿಗೆ ವಯಸ್ಸೆಷ್ಟೇ ಇರಲಿ ಅಷ್ಟೇ ಕಡಿತ. ಗಾಜಿಗೆ ಮಾತ್ರ ಕಡಿತವಿಲ್ಲ. ಹೆಡ್‌ಲೈಟಿನ ಗಾಜು ಒಡೆದುಕೊಂಡವನೇ ಭಾಗ್ಯವಂತ! ಸವಕಳಿ ಕಡಿಯದ ಹೆಚ್ಚುವರಿ ರಕ್ಷಣೆಯಾದರೋ ಸಾಮಾನ್ಯವಾಗಿ ಹೊಸ ವಾಹನಗಳಿಗೇ ಮೀಸಲು.

ಹಾಗೆಂದು ದೋಷವನ್ನೆಲ್ಲ ಕೋಷ್ಟಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಲ್ಲವನಾರೂ ಕಾರ್ಖಾನೆಯಿಂದ ಬಂದ ಟ್ಯಾಂಕನ್ನು ಎಸೆದು ಮಾರುಕಟ್ಟೆಯ ನಕಲಿಯನ್ನು ಕೂರಿಸುವುದಿಲ್ಲ. ಟಿಂಕರನು ನೆಗ್ಗನ್ನೆತ್ತಿ ಮಟ್ಟಮಾಡಿದ ಮೇಲೆ, ಪ್ಲೇಟಿಂಗಿನವನು ಪಕ್ಕಗಳನ್ನು ಉಜ್ಜಿ ಕ್ರೋಮಿಯಂ ಲೇಪವನ್ನು ಮತ್ತೆ ಕಟ್ಟಿ, ಪೇಂಟರನು ಬಣ್ಣ ಹೊಡೆದು, ಅಂಚಿನ ಸಣ್ಣ ಗೆರೆಯನ್ನು ಉಸಿರು ಬಿಗಿಹಿಡಿದು ಕುಂಚದಿಂದಲೇ ಎಳೆಯುತ್ತಾನೆ. ಇದರಲ್ಲಿ ಬಹುಪಾಲು ಕೂಲಿ, ಮತ್ತು ಕೂಲಿಗೆ ಸವಕಳಿಯಿಲ್ಲ. ಪೇಂಟಿಂಗಿಗೆ 4,000 ರೂಪಾಯಿಯ ಒಟ್ಟು ಬಿಲ್ಲಾದರೆ ಅದರ ಕಾಲುಭಾಗವನ್ನು ಸಾಮಗ್ರಿಯೆಂದೆಣಿಸಿ ಅದರರ್ಧವನ್ನು, ಎಂದರೆ 500 ರೂಪಾಯಿಯನ್ನಷ್ಟೇ, ಕಡಿಯಬೇಕೆಂದು ಪಾಲಿಸಿಯಲ್ಲೇ ಇದೆ. ಹೀಗಿರಲು ತೊಡಕೆಲ್ಲಿ? ಸರ್ವೇಯರು ಬಯಸುವುದು ವರ್ಕ್‌ಶಾಪಿನ ಜಿ.ಎಸ್.ಟಿ. ಬಿಲ್ಲನ್ನು, ಗಲ್ಲಿಯ ಕುಶಲಕರ್ಮಿ ಕೊಡುವುದು ಒಟ್ಟು ಮೊತ್ತವನ್ನಷ್ಟೇ ಗೀಚಿದ ಚೀಟಿಯನ್ನು. ನಿಯಮವು ಉಳಿಸಿದ್ದನ್ನು ಕಾಗದವು ಕಳೆಯುತ್ತದೆ.

ಇದರ ಮೇಲೆ ನೋ ಕ್ಲೇಮ್ ಬೋನಸ್ಸಿನ ಕತೆಯೊಂದುಂಟು. ಕ್ಲೇಮಿಲ್ಲದ ವರ್ಷಗಳು ಕಳೆದಂತೆ ಶೇಕಡಾ 20ರಿಂದ 50ರವರೆಗೆ ಏರುವ ಈ ರಿಯಾಯಿತಿಯು, ಹಾನಿ ಎಷ್ಟೇ ಅಲ್ಪವಾಗಿರಲಿ, ಒಂದೇ ಕ್ಲೇಮಿಗೆ ಸೊನ್ನೆಗಿಳಿಯುತ್ತದೆ. ಬೈಕಿನ ನಿಜವಾದ ಬೆಲೆಯನ್ನು ಮುಚ್ಚಿಡದೆ ಘೋಷಿಸಿ ಹೆಚ್ಚು ಪ್ರೀಮಿಯಂ ಕಟ್ಟಿದವನಿಗೇ ಇದರಿಂದ ಹೆಚ್ಚು ನಷ್ಟವಾಗುವುದರಿಂದ, ಅಂಥವನು ಬಾಯಿ ಮುಚ್ಚಿಕೊಂಡು ಕೈಯಿಂದಲೇ ಹಣ ತೆತ್ತು ರಿಪೇರಿ ಮಾಡಿಸುವುದು ಸರ್ವೇಸಾಮಾನ್ಯವಾಗಿದೆ.

ಒಬ್ಬನ ಮಮತೆಗೆ ಉಳಿದವರ ಪ್ರೀಮಿಯಂನಿಂದ ಬೆಲೆ ತೆರಲಾಗದೆಂಬ ಕಂಪನಿಗಳ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಇಲ್ಲಿ ಕೇಳುತ್ತಿರುವುದು ಮಮತೆಯ ಬೆಲೆಯನ್ನಲ್ಲ, ಕುಶಲಕರ್ಮಿಯ ಕೂಲಿಯನ್ನು. ಐವತ್ತು ವರ್ಷ ಮೀರಿ ಮೂಲರೂಪದಲ್ಲೇ ಉಳಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರವು 2021ರಲ್ಲಿ ತಂದು, ವಯಸ್ಸನ್ನು ಗುಣವೆಂದೇ ಮನ್ನಿಸಿದೆ. ವಿಮೆಯವರು ಅಷ್ಟು ದೂರ ಬರಬೇಕಾಗಿಲ್ಲ. ಕೆಲಸ ಆರಂಭಿಸುವ ಮುನ್ನ ಕುಶಲಕರ್ಮಿಯ ಅಂದಾಜುಪಟ್ಟಿಯನ್ನೂ ಹಾನಿಯ ಛಾಯಾಚಿತ್ರವನ್ನೂ ನೋಡಿ ಸರ್ವೇಯರು ಮೊತ್ತವನ್ನು ಒಪ್ಪಿಕೊಳ್ಳುವ ಪರಿಪಾಠವೊಂದನ್ನು ಹಾಕಿಕೊಂಡರೆ ಸಾಕು. ಅದಕ್ಕಾಗಿ ಪ್ರೀಮಿಯಂ ತುಸು ಏರಿದರೂ, ವೀಲ್‌ಕಪ್ಪಿನ ಬಿರಡೆಯೊಂದಕ್ಕಾಗಿ ಗುಜರಿ ಅಂಗಡಿಗಳನ್ನೆಲ್ಲ ಅಲೆಯುವ ಈ ಜನ ಗೊಣಗಲಾರರು.