ಮೋಟಾಲಾದ ಕಾಲುವೆಯಲ್ಲಿ ಆರು ತಿಂಗಳು

ಪತ್ತೇದಾರಿ ಅಂದ್ರೆ ನನಗೆ ಒಂದೇ ಲೆಕ್ಕ. ರಾತ್ರಿ ಹತ್ತಕ್ಕೆ ಹಿಡಿದರೆ ಎರಡು ಗಂಟೆಗೆ ಮುಗಿಯಬೇಕು, ಮರುದಿನ ಆಫೀಸಿನಲ್ಲಿ ಆಕಳಿಸಬೇಕು. ಅಜ್ಜನ ಟ್ರಂಕಿನಲ್ಲಿದ್ದ ಎನ್. ನರಸಿಂಹಯ್ಯನವರಿಂದ ಹಿಡಿದು ಅಗಾಥಾ ಕ್ರಿಸ್ಟಿಯವರೆಗೆ ಈ ಲೆಕ್ಕ ತಪ್ಪಿರಲಿಲ್ಲ. ತಪ್ಪಿಸಿದ್ದು ಟೀಮಿನ ಗೆಳೆಯ. "ಸ್ಕ್ಯಾಂಡಿನೇವಿಯನ್ ಕ್ರೈಮ್ ಒಂದೂ ಓದಿಲ್ವಾ ನೀನು?" ಅಂತ ಹುಬ್ಬೇರಿಸಿ, ಎಲ್ಲರೂ ಹೇಳುವ ಸ್ಟೀಗ್ ಲಾರ್ಶನ್‌ನ ಬಿಟ್ಟು, ಬೇರಿನಿಂದಲೇ ಶುರು ಮಾಡು ಎಂದು 'ರೋಸಾನಾ' ಕೊಟ್ಟ. 1965ರ ಸ್ವೀಡಿಷ್ ಕಾದಂಬರಿ, ನಾನು ಓದಿದ್ದು ಇಂಗ್ಲಿಷಿನಲ್ಲಿ. ಬರೆದವರು ಮಾಯ್ ಶೋವಾಲ್ ಮತ್ತು ಪೆರ್ ವಾಲೋ. ಇಬ್ಬರೂ ಪತ್ರಕರ್ತರು, ಸಂಗಾತಿಗಳು, ಎಡಪಂಥೀಯರು. ಮಕ್ಕಳು ಮಲಗಿದ ಮೇಲೆ ಒಂದೊಂದು ಅಧ್ಯಾಯ ಹಂಚಿಕೊಂಡು ಬರೆಯುತ್ತಿದ್ದರಂತೆ. ಹೀಗೆ ಹತ್ತು ವರ್ಷಕ್ಕೆ ಹತ್ತು ಪುಸ್ತಕ.

ಶುರುವಿನಲ್ಲೇ ಹೆಣ ಸಿಗುತ್ತದೆ. ಜುಲೈ ತಿಂಗಳು, ಮೋಟಾಲಾ ಊರಿನ ಹತ್ತಿರ ಯೋಟಾ ಕಾಲುವೆಯ ಹೂಳೆತ್ತುವಾಗ ಒಬ್ಬ ಹೆಣ್ಣುಮಗಳ ಬೆತ್ತಲೆ ದೇಹ ಮೇಲೆ ಬರುತ್ತದೆ. ಸರಿ, ಇನ್ನು ಓಟ ಶುರು ಅಂದುಕೊಂಡೆ. ಎಲ್ಲಿಯ ಓಟ! ಸ್ಟಾಕ್‌ಹೋಮಿನಿಂದ ಬಂದ ಮಾರ್ಟಿನ್ ಬೆಕ್‌ಗೆ ನೆಗಡಿ. ಹೊಟ್ಟೆ ಸರಿಯಿಲ್ಲ. ಹೆಂಡತಿಯ ಜತೆ ಮಾತಿಲ್ಲ. ಬಿಡುವಾದರೆ ಪುಟ್ಟ ಹಡಗಿನ ಮಾದರಿಗೆ ಅಂಟು ಹಚ್ಚುತ್ತ ಕೂರುತ್ತಾನೆ. ಸತ್ತವಳು ಯಾರೆಂದು ತಿಳಿಯುವುದಕ್ಕೇ ತಿಂಗಳುಗಟ್ಟಲೆ ಬೇಕಾಗುತ್ತದೆ. ನಾನು ಎರಡು ಸಲ ಪುಸ್ತಕ ಮುಚ್ಚಿಟ್ಟೆ. ಕ್ಲೈಂಟ್ ಕಡೆಯಿಂದ ಮೇಲ್ ಬರಲಿ ಅಂತ ಕಾಯುವುದನ್ನು ದಿನವಿಡೀ ಮಾಡಿ, ರಾತ್ರಿ ಮನೆಗೆ ಬಂದು ಅದನ್ನೇ ಓದಬೇಕಾ ಮಾರಾಯ್ರೇ?

ಆಮೇಲೆ ಅಮೆರಿಕದಿಂದ ಒಂದು ಸಂದೇಶ ಬರುತ್ತದೆ. ಅವಳ ಹೆಸರು ರೋಸಾನಾ ಮೆಕ್‌ಗ್ರಾ, ನೆಬ್ರಾಸ್ಕಾದ ಲಿಂಕನ್ ಊರಿನ ಲೈಬ್ರರಿಯನ್. ಅಲ್ಲಿಂದ ಪುಸ್ತಕ ನನ್ನನ್ನು ಹಿಡಿದುಕೊಂಡಿತು. ಅವಳಿದ್ದ ಪ್ರವಾಸಿ ಹಡಗಿನಲ್ಲಿ ಎಂಬತ್ತಕ್ಕೂ ಮಿಕ್ಕಿ ಜನ. ಈಗ ಅವರೆಲ್ಲ ಬೇರೆ ಬೇರೆ ದೇಶಗಳಲ್ಲಿ. ಪೊಲೀಸರು ಅವರಿಂದ ರಜೆಯ ಫೋಟೋಗಳನ್ನು ತರಿಸಿಕೊಳ್ಳುತ್ತಾರೆ. ಯಾರದೋ ಹೆಂಡತಿ, ಯಾರದೋ ಮಗು, ಯಾವುದೋ ಸೇತುವೆ. ಆ ರಾಶಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಅವಳು ನಿಂತಿರಬಹುದು, ಪಕ್ಕದಲ್ಲಿ ಅವನೂ. ಮೊಬೈಲು, ಸಿಸಿಟಿವಿ ಇಲ್ಲದ ಕಾಲದ ಈ ಹುಡುಕಾಟದಲ್ಲಿ ನನ್ನ ಉಸಿರು ನಿಂತಷ್ಟು ಯಾವ ಚೇಸಿಂಗಿನಲ್ಲೂ ನಿಂತಿಲ್ಲ. ಅಲ್ಲಿಯತನಕದ ಬೇಸರ ಯಾಕೆ ಬೇಕಿತ್ತು ಅಂತಲೂ ಆಗ ಗೊತ್ತಾಯಿತು. ಕೊಲೆಯಾದವಳು ಪತ್ತೇದಾರಿಯಲ್ಲಿ ಸಾಮಾನ್ಯವಾಗಿ ಬರೀ ಒಗಟು, ಎರಡನೇ ಅಧ್ಯಾಯಕ್ಕೆ ಮರೆತುಹೋಗುತ್ತಾಳೆ. ಇಲ್ಲಿ ತಿಂಗಳುಗಳ ಕಾಲ ಯಾರಿಗೂ ಬೇಡವಾಗಿದ್ದ ಒಂದು ದೇಹ ನಿಧಾನವಾಗಿ ಮನುಷ್ಯಳಾಗುತ್ತದೆ.

ಎಂಥ ಮನುಷ್ಯಳು? ತನಗೆ ಬೇಕಾದ ಗಂಡಸನ್ನು ತಾನೇ ಆರಿಸಿಕೊಂಡವಳು, ಸಾಕೆನಿಸಿದಾಗ ಬಿಟ್ಟವಳು. ಅವಳ ಗೆಳೆಯರ ವಿಚಾರಣೆ ಪ್ರಶ್ನೆ-ಉತ್ತರಗಳಾಗಿಯೇ ಅಚ್ಚಾಗಿದೆ, ಮುಜುಗರವಾಗುವಷ್ಟು ನೇರವಾಗಿ. "ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋಗಿದ್ದಳು" ಎಂದು ಶುರುವಾಗುವ ನಮ್ಮ ಟಿವಿ ಚರ್ಚೆಗಳನ್ನು ಕೇಳಿ ಕೇಳಿ ನಾನು ಅದಕ್ಕೇ ಕಾಯುತ್ತಿದ್ದೆ. ಬೆಕ್ ಅದನ್ನು ಕೇಳುವುದೇ ಇಲ್ಲ. ಅವಳನ್ನು ದ್ವೇಷಿಸಿದ ಗಂಡಸಿನಲ್ಲೇ ತಪ್ಪು ಹುಡುಕುತ್ತಾನೆ. ಅರವತ್ತರ ದಶಕದ ಪುಸ್ತಕಕ್ಕೆ ಇದು ಸಣ್ಣ ಮಾತಲ್ಲ.

ಹಾಗಿದ್ದೂ ಕೊನೆಗೆ ಬಂದಾಗ ನನಗೆ ಜಗಳವಿದೆ. (ಓದಬೇಕೆಂದಿರುವವರು ಈ ಪ್ಯಾರಾ ಹಾರಿಸಿ.) ಸಾಕ್ಷಿ ಸಾಲದೆ ಪೊಲೀಸರು ಬಲೆ ಬೀಸುತ್ತಾರೆ. ಬಲೆಯಲ್ಲಿಡುವ ಜೀವ ಸೋನ್ಯಾ ಹ್ಯಾನ್ಸನ್ ಎಂಬ ಮಹಿಳಾ ಪೊಲೀಸ್. ಅವಳು ಒಪ್ಪಿಯೇ ಬರುತ್ತಾಳೆ, ನಿಜ. ಆದರೆ ಅವಳನ್ನು ಒಪ್ಪಿಸುವುದು ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಒಂದು ಫೋಟೋಗೆ ಅಷ್ಟು ತಾಳ್ಮೆ ತೋರಿಸಿದ ಪುಸ್ತಕಕ್ಕೆ ಇವಳ ಭಯಕ್ಕೆ ಪುರುಸೊತ್ತಿಲ್ಲ. ಕಾವಲಿದ್ದವರು ತಡವಾಗಿ ತಲುಪುತ್ತಾರೆ. ಆ ಪುಟಗಳನ್ನು ನಾನು ಓಡೋಡಿ ಓದಿದೆ, ನಾನು ಮೊದಲಿಂದ ಕೇಳುತ್ತಿದ್ದ ಥ್ರಿಲ್ಲರ್ ಅಲ್ಲಿ ಕೊನೆಗೂ ಸಿಕ್ಕಿತ್ತು. ಸಿಕ್ಕಿದ್ದು ಇನ್ನೊಬ್ಬ ಹೆಂಗಸಿನ ಕುತ್ತಿಗೆಯ ಮೇಲೆ. ಬೆಕ್‌ಗೆ ಇದರ ಭಾರ ಗೊತ್ತು, ಲೇಖಕರಿಗೂ ಗೊತ್ತಿರಬೇಕು. ಅವರು ಗೊತ್ತಿದ್ದೇ ಮಾಡಿದರಾ, ಬೇರೆ ದಾರಿ ಕಾಣದೆ ಮಾಡಿದರಾ ಅಂತ ಗೆಳೆಯನ ಜತೆ ಎರಡು ಲಂಚ್ ಬ್ರೇಕ್ ಕಳೆದಿದ್ದೇನೆ. ಅವನು ಮೊದಲನೆಯದು ಅನ್ನುತ್ತಾನೆ, ನಾನಿನ್ನೂ ಒಪ್ಪಿಲ್ಲ.

ಎರಡನೆಯ ಪುಸ್ತಕದಲ್ಲಿ ಬೆಕ್ ಬುಡಾಪೆಸ್ಟಿಗೆ ಹೋಗುತ್ತಾನಂತೆ. ತರಿಸಿಟ್ಟಿದ್ದೇನೆ. ಈ ಸಲ ರಾತ್ರಿಗೆ ಇಪ್ಪತ್ತೇ ಪುಟ.